ಕಾಟಿಲ್ಲದ ಬರಹ

ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ಕೊಟ್ಟೂರು, ನನ್ನ ಮನೆಯ ಪಡಸಾಲೆ. ಹಾಜರಿದ್ದವರು ಮೂವರು: ನಾನು, ನನ್ನ ತಂಗಿ ಶಾಂತವ್ವ, ಅವಳ ಸೊಸೆ ಜೊಸೆಲಿನ್.

ಆ ಇಬ್ಬರ ಮುಂದೆ ನಾನು ಒಪ್ಪಿಕೊಂಡದ್ದು ಇಷ್ಟು. ನಾಲ್ಕು ವರ್ಷದ ಹಿಂದೆ ಜೊಸೆಲಿನ್‌ಗೆ ಬ್ಯಾಂಕಿನಲ್ಲಿ ಖಾತೆ ಸಿಗದೆ ಹೋದದ್ದು ಅವಳು ಪರದೇಶದವಳೆಂಬ ಕಾರಣಕ್ಕಲ್ಲ. ನಾನು ಬರೆದ ಒಂದು ಹಾಳೆಯಲ್ಲಿ ತಪ್ಪಿತ್ತು. ಅದು ನನಗೆ ಬ್ಯಾಂಕಿಗೆ ಹೋದ ಮೊದಲ ದಿನವೇ ತಿಳಿದಿತ್ತು. ತಿದ್ದಲು ಅರ್ಧ ದಿನ ಸಾಕಿತ್ತು — ನಾನು ತಿದ್ದಲಿಲ್ಲ.

ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಮೂವತ್ತಾರು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನಿಗೆ ಅದು ಗೊತ್ತಿರುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಅಕ್ಷರಗಳು ಸೊಟ್ಟಗಿವೆ. ಅದರ ಕಾರಣ ಮುಂದೆ ಬರುತ್ತದೆ.

ನಾನು ನಾಲ್ಕೂ ಮುಕ್ಕಾಲಿಗೆ ಏಳುವವನು. ಸ್ನಾನ, ಪೂಜೆ, ಆರಕ್ಕೆ ಚಹಾ. ನಿವೃತ್ತಿಯಾದ ಮೇಲೆ ಒಂಬತ್ತರಿಂದ ಹನ್ನೊಂದರವರೆಗೆ ಪಡಸಾಲೆಯಲ್ಲಿ ಕೂತು ಓಣಿಯವರ ಅರ್ಜಿಗಳನ್ನು ಬರೆದುಕೊಡುತ್ತಿದ್ದೆ. "ಕ್ಲಾರ್ಕ್ ಸಾಹೇಬ್ರ ಬರಹದಾಗ ಒಂದು ಕಾಟು ತೋರಿಸ್ರಿ ನೋಡೋಣು" ಎಂದು ಜನ ಪಂಥ ಕಟ್ಟುತ್ತಿದ್ದರು. ಬರೆದದ್ದರ ಮೇಲೆ ಗೆರೆ ಎಳೆದು ಬೇರೆ ಬರೆಯುವ ಪ್ರಸಂಗ ನನಗೆ ಬಂದಿರಲಿಲ್ಲ. ಈ ಮಾತನ್ನು ಕೇಳಿಸಿಕೊಳ್ಳುವಾಗ ನಾನು ತಲೆ ಎತ್ತುತ್ತಿರಲಿಲ್ಲ, ಆದರೆ ಪೂರ್ತಿ ಕೇಳಿಸಿಕೊಳ್ಳುತ್ತಿದ್ದೆ.

ನಮ್ಮ ಓಣಿಯಲ್ಲಿ ಕೊಟ್ರೇಶ ಎಂದು ಕೂಗಿದರೆ ನಾಲ್ಕು ಮನೆಯ ಬಾಗಿಲು ತೆರೆಯುತ್ತವೆ. ನಾನು ಹೇಳುವುದು ಶಾಂತವ್ವನ ಮಗ ಕೊಟ್ರೇಶನ ವಿಷಯ. ದೋಹಾದಲ್ಲಿ ಎಸಿ ರಿಪೇರಿ ಮಾಡುತ್ತಿದ್ದ. ಅಲ್ಲಿನ ಚಿಕಿತ್ಸಾಲಯವೊಂದರಲ್ಲಿ ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಲಿಪೀನ್ಸ್ ದೇಶದ ಜೊಸೆಲಿನ್‌ಳನ್ನು ಮದುವೆಯಾಗಿ ಕರೆತಂದ. ಊರಿನಲ್ಲಿ ಇನ್ನೊಮ್ಮೆ ನಮ್ಮ ಪದ್ಧತಿಯಂತೆ ಅಕ್ಷತೆ ಹಾಕಿದೆವು. ನಮ್ಮಲ್ಲಿ ಬರುವ ಸೊಸೆಗೆ ಹೊಸ ಹೆಸರಿಡುವುದು ವಾಡಿಕೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಆ ಹೆಸರನ್ನು ಗಂಡ ಬರೆಯುತ್ತಾನೆ.

"ಅಣ್ಣಾ, ಆ ಹೆಸ್ರು ನನ್ನ ಬಾಯಾಗ ನಿಂದ್ರವಲ್ದು. ಕರಿಯಾಕ ಬರೋವಂಥದ್ದು ಒಂದು ಹೇಳು" ಎಂದಳು ಶಾಂತವ್ವ.

ಗೌರಮ್ಮ ಎಂದೆ. ಕೊಟ್ರೇಶ ಬರೆದ. ಹುಡುಗಿ ಅಕ್ಕಿಯ ಮೇಲಿನ ಗೆರೆಗಳನ್ನು ನೋಡಿ ನಕ್ಕಳು. ಅದೇನೆಂದು ಅವಳಿಗೆ ಆಗ ಓದಲು ಬರುತ್ತಿರಲಿಲ್ಲ.

ಕೊಟ್ರೇಶ ಒಪ್ಪಂದ ಮುಗಿಸಲು ಮತ್ತೆ ದೋಹಾಕ್ಕೆ ಹೋದ. ಅವಳು ಅತ್ತೆಯ ಜೊತೆ ನನ್ನ ಮನೆಯ ಹಿಂಭಾಗದಲ್ಲಿ ಉಳಿದಳು. ಸುಮ್ಮನೆ ಕೂರುವ ಜೀವವಲ್ಲ. ಹಗರಿಬೊಮ್ಮನಹಳ್ಳಿಯ ಒಂದು ಚಿಕಿತ್ಸಾಲಯದಲ್ಲಿ ತನ್ನದೇ ಕಸುಬಿನ ಕೆಲಸ ಹುಡುಕಿಕೊಂಡಳು. ದುಡಿಯಲು ಬೇಕಾದ ಅನುಮತಿ ಪತ್ರವೂ ಕೈಯಲ್ಲಿತ್ತು. ಅವರು ಕೇಳಿದ್ದು ಒಂದೇ — ಅವಳ ಸ್ವಂತ ಹೆಸರಿನಲ್ಲಿ ಇಲ್ಲಿಯ ಬ್ಯಾಂಕ್ ಖಾತೆ. ಎರಡು ತಿಂಗಳು ಜಾಗ ಹಿಡಿದಿಡುತ್ತೇವೆ ಎಂದರು.

ಖಾತೆಗೆ ಪಾಸ್‌ಪೋರ್ಟಿನ ಜೊತೆ ಊರಿನ ವಾಸಸ್ಥಳದ ದೃಢೀಕರಣ ಬೇಕು. ಅದನ್ನು ಕೊಡುವವರಿಗೆ ಮನೆಯ ಮಾಲೀಕನ ಪತ್ರ ಬೇಕು. ಮಾಲೀಕ ನಾನು. ಪತ್ರ ಬರೆದೆ: 'ಗೌರಮ್ಮ, ಕೊಟ್ರೇಶನ ಹೆಂಡತಿ, ನನ್ನ ಮನೆಯಲ್ಲಿ ವಾಸವಾಗಿರುತ್ತಾಳೆ.' ಅನುಮಾನವೇ ಬರಲಿಲ್ಲ. ಶಾಂತವ್ವ ತವರಿನಲ್ಲಿ ನಿಂಗಮ್ಮ. ಗಂಡನ ಮನೆಗೆ ಹೋದ ದಿನದಿಂದ ಎಲ್ಲ ಕಾಗದದಲ್ಲೂ ಶಾಂತವ್ವ. ಪಾಸ್‌ಪೋರ್ಟಿನ ಹೆಸರು ತವರಿನದು, ಹಳೆಯದು, ಎಂದೇ ನನ್ನ ಲೆಕ್ಕ. ನನ್ನ ಕೈಕೆಳಗೆ ಕೆಲಸ ಕಲಿತಿದ್ದ ರುದ್ರಪ್ಪ ಈಗ ದೃಢೀಕರಣ ಕೊಡುವ ಕಚೇರಿಯಲ್ಲಿದ್ದಾನೆ. "ನಿಮ್ಮ ಅಕ್ಷರ ಇದ್ದ ಮ್ಯಾಲ ನೋಡೋದೇನೈತಿ ಬಿಡ್ರಿ ಸರ್" ಎಂದು ಅದೇ ಹೆಸರಿನಲ್ಲಿ ದೃಢೀಕರಣ ಮಾಡಿಸಿಕೊಟ್ಟ.

ಇಲ್ಲಿಯವರೆಗೆ ಅದು ತಪ್ಪು ಮಾತ್ರ. ಅನ್ಯಾಯ ಮರುದಿನ ಶುರುವಾಯಿತು.

ಬ್ಯಾಂಕಿನಲ್ಲಿ ಅಧಿಕಾರಿ ಎರಡೂ ಕಾಗದ ಪಕ್ಕಪಕ್ಕ ಇಟ್ಟ. "ಪಾಸ್‌ಪೋರ್ಟಿನ್ಯಾಗ ಒಂದು ಹೆಸ್ರು, ಇದ್ರಾಗ ಒಂದು ಹೆಸ್ರು. ಮಾಲೀಕ್ರು ಯಾರ್ರಿ? ತಪ್ಪಾಗಿ ಬರದೀನಿ ಅಂತ ಒಂದು ಪತ್ರ ಕೊಟ್ಟು ಹೊಸಾದು ಮಾಡಿಸ್ಕೊಂಡು ಬರ್ರಿ, ನಾಳಿಗೇ ಮಾಡಿಕೊಡ್ತೀನಿ" ಎಂದ. ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಅವರಲ್ಲಿ ಇಬ್ಬರ ಅರ್ಜಿ ಆ ಬೆಳಿಗ್ಗೆ ನಾನೇ ಬರೆದುಕೊಟ್ಟಿದ್ದೆ.

ತಪ್ಪಾಗಿ ಬರೆದಿದ್ದೇನೆ. ಈ ಎರಡು ಪದವನ್ನು ರುದ್ರಪ್ಪನ ಮೇಜಿನ ಮುಂದೆ ನಿಂತು —

ಅಧಿಕಾರಿಯ ಮಾತು ತಿಳಿಯದೆ ಪಕ್ಕದಲ್ಲಿ ನಿಂತಿದ್ದ ಜೊಸೆಲಿನ್ ಹೊರಗೆ ಬಂದಾಗ ನನ್ನ ಮುಖ ನೋಡಿದಳು. ಆಗ ನಮ್ಮ ನಡುವೆ ಇದ್ದದ್ದು ನನ್ನ ಕಚೇರಿಯ ಇಂಗ್ಲಿಷ್. ಅದರಲ್ಲಿ ಹೇಳಿದೆ: "ಪರದೇಶದವರಿಗೆ ಇಲ್ಲಿ ಖಾತೆ ಕೊಡುವುದಿಲ್ಲ. ಕಾನೂನು ಹಾಗಿದೆ."

ಅವಳು ನಂಬಿದಳು, ಆದರೆ ಸುಮ್ಮನಾಗಲಿಲ್ಲ. ಬೇರೆ ಶಾಖೆಯಲ್ಲಿ ಕೇಳುತ್ತೇನೆ ಎಂದಳು. ನಾನು ತಡೆಯಲಿಲ್ಲ. ಕಾಗದಗಳನ್ನು ಕ್ರಮವಾಗಿ ಜೋಡಿಸಿ, ತೂತು ಹೊಡೆದು, ದಾರ ಕಟ್ಟಿ ಫೈಲ್ ಮಾಡಿಕೊಟ್ಟೆ. ಎಲ್ಲಕ್ಕಿಂತ ಮೇಲೆ ಆ ದೃಢೀಕರಣವನ್ನೇ ಇಟ್ಟೆ. ಅತ್ತೆ ಸೊಸೆ ಬಸ್ಸು ಹಿಡಿದು ಹಗರಿಬೊಮ್ಮನಹಳ್ಳಿಗೆ ಹೋದರು. ಆಮೇಲೆ ಕೂಡ್ಲಿಗಿ. ಆಮೇಲೆ ಹರಪನಹಳ್ಳಿ. ಒಂದು ಕಡೆ ಅಧಿಕಾರಿ ರಜೆ, ಇನ್ನೊಂದು ಕಡೆ ಊಟದ ನಂತರ ಬನ್ನಿ, ಮತ್ತೊಂದು ಕಡೆ ಎರಡು ಫೋಟೋ ಸಾಲದು ನಾಲ್ಕು ಬೇಕು. ಇಷ್ಟೆಲ್ಲ ಆಗಿ ಕೊನೆಗೆ ಎಲ್ಲರೂ ನಿಲ್ಲುತ್ತಿದ್ದದ್ದು ಆ ಮೇಲಿನ ಹಾಳೆಯ ಹತ್ತಿರ. ಹಡಗಲಿಗೆ ಹೋದ ದಿನ ಕೊನೆಯ ಬಸ್ಸು ತಪ್ಪಿ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ದಾರಿಯ ಇಟ್ಟಿಗಿ ಊರಿನವರೆಗೆ ಬಂದರಂತೆ. ಶಾಂತವ್ವನ ಚಪ್ಪಲಿ ಕಿತ್ತಿತ್ತು. ನಾನು ಆರೂವರೆಯ ಊಟ ತಡವಾಯಿತೆಂದು ಮುಖ ಬಿಗಿದುಕೊಂಡಿದ್ದೆ.

ಆ ರಾತ್ರಿ ಜೊಸೆಲಿನ್ ಕೇಳಿದಳು. ಹೆಸರು ಬೇರೆ ಎನ್ನುತ್ತಾರಲ್ಲ, ಅದಕ್ಕೆ ನೀವೊಂದು ಪತ್ರ ಕೊಡಲು ಬರುವುದಿಲ್ಲವೇ?

ನಾನು ಕನ್ನಡಕ ತೆಗೆದು ಒರೆಸಿದೆ. "ಹೆಸರು ನೆಪ. ನಿಜವಾದ ಕಾರಣ ನಾನು ಆಗಲೇ ಹೇಳಿದ್ದೇನೆ" ಎಂದೆ.

ಇದನ್ನು ಅಹಂಕಾರ ಎಂದು ಬರೆದು ಮುಗಿಸಬಹುದು. ಆದರೆ ಅಹಂಕಾರ ಒಂದು ಕ್ಷಣದ್ದಲ್ಲವೇ — ಎರಡು ತಿಂಗಳು, ದಿನವೂ ನಾಲ್ಕೂ ಮುಕ್ಕಾಲಿಗೆ ಎದ್ದು, ಪೂಜೆ ಮುಗಿಸಿ, ಇವತ್ತೂ ಹೇಳುವುದಿಲ್ಲ ಎಂದು ತೀರ್ಮಾನಿಸುವುದಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ಚಿಕಿತ್ಸಾಲಯದವರು ಬೇರೆಯವರನ್ನು ತೆಗೆದುಕೊಂಡರು. ಕೊಟ್ರೇಶ ವಾಪಸು ಬಂದು ಇಲ್ಲೇ ಅಂಗಡಿ ಹಾಕಿದ. ಅವನೂ ಮತ್ತೆ ಪ್ರಯತ್ನಿಸಲಿಲ್ಲ. "ಮಾವ ಆಗಂಗಿಲ್ಲ ಅಂದ್ರ ಮುಗೀತು" ಎಂದನಂತೆ. ಅವಳ ದೋಹಾದ ಬಿಳಿ ಸಮವಸ್ತ್ರ ಹಿತ್ತಲ ಕೋಣೆಯ ಗೂಟಕ್ಕೆ ಬಹಳ ದಿನ ತೂಗುತ್ತಿತ್ತು. ಒಂದು ದಿನ ಶಾಂತವ್ವ ಅದರಲ್ಲಿ ಸ್ಟವ್ ಒರೆಸುತ್ತಿದ್ದುದನ್ನು ಕಂಡೆ.

ಕಳೆದ ವರ್ಷ ನನಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು. ದಿನವೂ ಸಂಜೆ ಐದಕ್ಕೆ ಸರಿಯಾಗಿ ಜೊಸೆಲಿನ್ ಬಂದು ಎದುರು ಕೂರುತ್ತಿದ್ದಳು. ಅಷ್ಟರಲ್ಲಿ ಅವಳು ನಮ್ಮ ಮಾತು ಕಲಿತಿದ್ದಳು, ಓದಲೂ ಕಲಿತಿದ್ದಳು. "ಕೈ ಕೊಡ್ರಿ ಮಾವಾರ. ಮುಚ್ರಿ. ತೆಗೀರಿ. ಇಪ್ಪತ್ತು ಅಂದ್ರ ಇಪ್ಪತ್ತು, ಹದಿನೆಂಟಕ್ಕ ನಿಲ್ಲಸಬ್ಯಾಡ್ರಿ, ನಾ ಎಣಿಸಾಕತ್ತೀನಿ." ನಾನು ಬೈದೆ, ಕಣ್ಣೀರು ಹಾಕಿದೆ, ಒಮ್ಮೆ ಬಟ್ಟಲು ಎಸೆದೆ. ಅವಳು ಬಟ್ಟಲು ಎತ್ತಿಟ್ಟು ಮತ್ತೆ ಒಂದರಿಂದ ಎಣಿಸಿದಳು. ಏಳು ತಿಂಗಳಿಗೆ ಪೆನ್ನು ಬೆರಳಲ್ಲಿ ನಿಂತಿತು.

ನಿನ್ನೆ ಸಂಜೆ ಹಾಳೆ ಕೊಟ್ಟು, "ನನ್ನ ಹೆಸ್ರು ಬರೀರಿ ನೋಡೋಣು" ಎಂದಳು. ನಡುಗುತ್ತ ಬರೆದೆ: ಗೌರಮ್ಮ.

ಅವಳು ಓದಿದಳು. ಸಿಟ್ಟಿಲ್ಲ, ಏನಿಲ್ಲ. "ಅದು ನೀವು ಇಟ್ಟಿದ್ದು ಮಾವಾರ. ನಂದು ಬರೀರಿ" ಎಂದಳು.

ರಾತ್ರಿ ಮಲಗಿದೆ, ನಿದ್ದೆ ಬರಲಿಲ್ಲ. ಬೆಳಿಗ್ಗೆ ಏಳಕ್ಕೆ ಇಬ್ಬರನ್ನೂ ಕರೆದು ಎಲ್ಲ ಹೇಳಿದೆ.

ಮೊದಲು ಎದ್ದದ್ದು ಶಾಂತವ್ವ. "ನಿನ್ನ ಬರಹಕ್ಕ ಕಾಟು ಬೀಳಬಾರದಂತ ನಮ್ಮಿಬ್ಬರನ್ನ ಬಿಸಲಾಗ ಊರೂರು ತಿರುಗಿಸಿದ್ಯಾ ಅಣ್ಣಾ? ಒಂದು ಚೂರು ಹಾಳಿಗೆ?"

ಜೊಸೆಲಿನ್ ನನ್ನ ಕಡೆ ತಿರುಗಿ, "ನಾ ಕೇಳಿದ್ನೆಲ್ರಿ. ಹೆಸ್ರಿಂದೇನ್ರಿ ಅಂತ ನಾ ಕೇಳಿದ್ನೆಲ್ಲ" ಎಂದಳು.

"ಕೇಳಿದ್ದಿ."

"ಆವಾಗ ನಿಮಗ ಗೊತ್ತಿತ್ತು."

"ಗೊತ್ತಿತ್ತು."

ಅವಳು ಒಳಗೆ ಹೋದಳು.

ಹತ್ತೂವರೆಗೆ ಆಟೋ ಹಿಡಿದು ರುದ್ರಪ್ಪನ ಕಚೇರಿಗೆ ಹೋದೆ. ಅಲ್ಲೇ ಬೆಂಚಿನ ಮೇಲೆ ಕೂತು ಪತ್ರ ಬರೆದೆ. 'ತಪ್ಪಾಗಿ' ಎಂಬಲ್ಲಿ ಕೈ ಜಾರಿ ಗೆರೆ ಎಳೆದುಹೋಯಿತು. ಅದರ ಮೇಲೆ ಕಾಟು ಹೊಡೆದು ಮತ್ತೆ ಬರೆದೆ. ರುದ್ರಪ್ಪ ಎದ್ದು ಬಂದ. "ಸರ್, ಕೈ ನಡಗತಾವು. ಕೊಡ್ರಿ, ಟೈಪ್ ಮಾಡಿಸಿಬಿಡ್ತೀನಿ. ಕಣ್ತಪ್ಪಿನಿಂದ ಅಂತ ಹಾಕೋಣ್ರಿ."

"ಕಣ್ತಪ್ಪಲ್ಲೋ. ಇದ್ದಂಗ ತಗೊ" ಎಂದೆ. ಅವನು ಒಮ್ಮೆ ನನ್ನನ್ನು, ಒಮ್ಮೆ ಹಾಳೆಯನ್ನು ನೋಡಿ ಮೊಹರು ಒತ್ತಿದ. ಒಂದೂವರೆಗೆ ಹೊಸ ದೃಢೀಕರಣ ಕೈಗೆ ಬಂತು. ಪೂರ್ತಿ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇದೆಯೇ ಎಂದು ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿದೆ. ಇದೆ.

ಇದರಿಂದ ಖಾತೆ ಸಿಗಬಹುದು. ಚಿಕಿತ್ಸಾಲಯದ ಆ ಕೆಲಸ ಸಿಗುವುದಿಲ್ಲ. ನಾಲ್ಕು ವರ್ಷವನ್ನು ವಾಪಸು ಬರೆದುಕೊಡುವ ಅರ್ಜಿ ಯಾವ ಕಚೇರಿಯಲ್ಲೂ ಇಲ್ಲ.

ಹಾಳೆಯನ್ನು ಅವಳ ಬಾಗಿಲಿನ ಒಳಗೆ, ಕಾಣುವಂತೆ, ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು ಬಂದೆ. ಕೊಟ್ರೇಶ ಅಂಗಡಿಯಿಂದ ಬಂದ ಮೇಲೆ ಅವನಿಗೂ ನಾನೇ ಹೇಳಬೇಕು.

ಸಂಜೆ ಐದಕ್ಕೆ ಕುರ್ಚಿ ಎಳೆದುಕೊಂಡು ಕೂತೆ. ಎದುರಿನ ಸ್ಟೂಲನ್ನು ಅದರ ಜಾಗದಲ್ಲೇ ಇಟ್ಟಿದ್ದೆ. ಐದೂ ಹತ್ತಾಯಿತು. ಹಿತ್ತಲಿನಲ್ಲಿ ಬಕೆಟ್ಟಿನ ಸದ್ದು ಕೇಳುತ್ತಿತ್ತು, ಅವಳು ಬರಲಿಲ್ಲ. ಐದೂಕಾಲಿಗೆ ನಾನೇ ಶುರು ಮಾಡಿದೆ. ಮುಚ್ಚುವುದು, ತೆಗೆಯುವುದು. ಹದಿನೆಂಟರ ಹತ್ತಿರ ಬೆರಳು ನಿಂತವು. ಮತ್ತೆ ಒಂದರಿಂದ ಎಣಿಸಿ ಇಪ್ಪತ್ತು ಮುಗಿಸಿದೆ.