ಉದ್ದ ಡಿಕ್ಕಿಯ ಕಾರು

ಹುಕ್ಕೇರಿಯ ಡಾಕ್ಟರೊಬ್ಬರಿಂದ ಆ ಉದ್ದ ಡಿಕ್ಕಿಯ ಹಳೇ ಕಾರು ನಾನು ತಗೊಂಡಿದ್ದು ಅದರ ಎಂಜಿನ್ ನೋಡಿ; ಒತ್ತಿದರ ಹಾರೂ ಗಾಡಿ ಅದು. ಮನಿಮಂದಿಗೆ ಕಂಡಿದ್ದು ಬರೇ ಡಿಕ್ಕಿ. ನಮ್ಮೂರು ತುಕ್ಕಾನಟ್ಟಿಯಾಗ ಯಾರ ಮದುವಿ ಇದ್ದರೂ ಗೋಕಾಕದಿಂದ ಸಂತಿ ತರಾಕ ನಾನೇ ಹೋಗಬೇಕು. ಹಿಂದ ಬೆಲ್ಲದ ಪೆಂಟಿ, ಎಣ್ಣಿ ಡಬ್ಬಿ, ಸೀರಿ ಗಂಟು, ಬಾಜೂಕ ಅವ್ವ, "ಸಾವಕಾಶ ಹೊಡಿಯೋ, ಎಣ್ಣಿ ಚೆಲ್ಲತೈತಿ." ಮದುವಿ ಹಂಗಾಮ ಇಲ್ಲದಾಗ ಕಬ್ಬಿನ ಹಂಗಾಮ. ರಸ್ತೆ ತುಂಬ ಟ್ರ್ಯಾಕ್ಟರ್, ಹಿಂದ ಎರಡೆರಡು ಟ್ರೇಲರ್, ಓವರ್‌ಟೇಕ್ ಮಾತೇ ಇಲ್ಲ.

ಆರು ವರ್ಷಕ್ಕ ಸಾಕಾಗಿ ಮಾರಾಕ ನಿಂತೆ. ಮೂಡಲಗಿಯಿಂದ ನೋಡಾಕ ಬಂದವ ಕೇಳಿದ, "ಎಷ್ಟು ಜೋರ ಓಡತೈತ್ರಿ?"

"ಖರೆ ಹೇಳಬೇಕಂದ್ರ ಗೊತ್ತಿಲ್ರಿ," ಅಂದೆ. "ನನ್ನ ಮುಂದ ಯಾವಾಗಲೂ ಕಬ್ಬಿನ ಟ್ರ್ಯಾಕ್ಟರ್ ಇರ್ತಿತ್ತು. ಅದರಾಗ ಅರ್ಧ ಕಬ್ಬು ನಮ್ಮದೇ."