ಮಳೆಯಲ್ಲೂ ಹಾರುವ ಕೋವಿ

ನಮ್ಮೂರಿನಲ್ಲಿ ಯಾರಾದರೂ ಬೈಕು ಕೊಳ್ಳುತ್ತೇನೆಂದರೆ ‘ಮೈಲೇಜ್ ಎಷ್ಟು’ ಎಂದು ಕೇಳುತ್ತಾರೆ. ಎಮ್ಮೆ ಕೊಳ್ಳುತ್ತೇನೆಂದರೆ ‘ಹಾಲು ಎಷ್ಟು’ ಎಂದು ಕೇಳುತ್ತಾರೆ. ಕೋವಿ ಕೊಳ್ಳುತ್ತೇನೆಂದರೆ ಮಾತ್ರ ‘ಯಾರಿಗೆ?’ ಎಂದು ಕೇಳುತ್ತಾರೆ. ಚತುರ್ಥೀ ವಿಭಕ್ತಿಯಲ್ಲಿ ಇಷ್ಟೊಂದು ಸಂಶಯ ಹಿಡಿಸುತ್ತದೆಂದು ನಮ್ಮ ವ್ಯಾಕರಣದ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ನಾನು ವಿನಯದಿಂದ ‘ಹಂದಿಗೆ’ ಎಂದು ಉತ್ತರಿಸಿದರೆ, ಕೇಳಿದವರು ಒಂದು ಕ್ಷಣ ತಮ್ಮ ಮೈಕಟ್ಟನ್ನು ತಾವೇ ನೋಡಿಕೊಂಡು, ಇದು ಮಾಹಿತಿಯೋ ಬೈಗುಳವೋ ಎಂದು ನಿರ್ಧರಿಸಲಾಗದೆ ಮುಂದೆ ಹೋಗುತ್ತಾರೆ.

ತಪ್ಪು ಅವರದಲ್ಲ. ಎಕ್ಕಂಬಿಯಲ್ಲಿ ನನ್ನನ್ನು ಗಂಭೀರವಾಗಿ ತೆಗೆದುಕೊಂಡವರು ಇನ್ನೂ ಹುಟ್ಟಿಲ್ಲ. ನಾನು ಅನುಕರಣೆಯವನು. ಬಸ್ಸಿನ ಕಂಡಕ್ಟರು, ನೆಗಡಿಯಾದ ಲೈನ್‌ಮನ್, ಮೈಕು ಸಿಕ್ಕೊಡನೆ ಕಂಠ ಸರಿಪಡಿಸಿಕೊಳ್ಳುವ ಊರ ಮುಖಂಡ, ನವಿಲು, ಕೆಂಪು ಮೂತಿಯ ಮಂಗ, ಕಾಡುಹಂದಿ, ಇವರೆಲ್ಲ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ಮದುವೆಮನೆಗಳಿಗೆ ನನ್ನನ್ನು ಪ್ರೀತಿಯಿಂದ ಕರೆಯುತ್ತಾರೆ. ಬೀಗರ ಧ್ವನಿ ತೆಗೆದ ಮೇಲೆ ಅಷ್ಟೇ ಪ್ರೀತಿಯಿಂದ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುತ್ತಾರೆ. ಎಲ್ಲರ ಧ್ವನಿಯಲ್ಲಿ ಮಾತಾಡುವವನ ಸ್ವಂತ ಮಾತನ್ನು ಯಾರೂ ನಂಬುವುದಿಲ್ಲ ಎಂಬ ಸತ್ಯ ನನಗೆ ಕೋವಿಯ ಅರ್ಜಿ ಹಾಕಿದಾಗಲೇ ಹೊಳೆದದ್ದು. ವಿಚಾರಣೆಗೆ ಬಂದ ಪೊಲೀಸಪ್ಪ ನನ್ನ ಹೆಸರು ಕೇಳಿ, ನಾನು ಹೇಳಿದ ಮೇಲೆ, ಪಕ್ಕದ ಮನೆಯವರನ್ನು ಕರೆದು ‘ಹೌದೇನ್ರಿ?’ ಎಂದು ಖಾತ್ರಿಪಡಿಸಿಕೊಂಡ. ನಮ್ಮ ಕಡೆ ಗುಂಡಿನೇಟಿಗೆ ‘ಈಡು’ ಎನ್ನುತ್ತಾರೆ. ಅನುಮಾನಕ್ಕೆ ಈಡಾಗುವುದು ಎಂಬ ಮಾತಿನಲ್ಲಿ ಎಷ್ಟು ಮದ್ದು ತುಂಬಿದೆ ಎಂಬುದು ಅಂದು ತಿಳಿಯಿತು.

ಅಸಲಿಗೆ ಪರವಾನಗಿ ನಮ್ಮ ಕಾಕಾನದು, ಅಂದರೆ ನನ್ನ ಅಪ್ಪನ ತಮ್ಮನದು. ಬೆಳೆ ರಕ್ಷಣೆಯ ಪರವಾನಗಿ. ಬೇಟೆ ಎಂಬ ಶಬ್ದವನ್ನು ಆ ಕಾಗದದ ಹತ್ತಿರ ಉಚ್ಚರಿಸುವಂತಿಲ್ಲ. ಗಾಳಿಗೆ ಹಾರಿಸಿ ಹಂದಿಯನ್ನು ಬೆದರಿಸುವುದಷ್ಟೇ ಅದರ ಧರ್ಮ. ಕಾಡಂಚಿನ ನಮ್ಮ ಗೋವಿನಜೋಳದ ಹೊಲಕ್ಕೆ ಹಂದಿಗಳು ಬರುವುದು ನಾವು ಮದುವೆ ಊಟಕ್ಕೆ ಹೋದಂತೆ, ಸಕುಟುಂಬ ಸಪರಿವಾರ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಪ್ರಜಾಪ್ರಭುತ್ವಕ್ಕೂ ಹಂದಿಗಳಿಗೂ ಒಳಗೊಳಗೇ ಏನು ಒಪ್ಪಂದವಾಗಿದೆಯೋ, ಆ ತಿಂಗಳು ಅವು ಹಾಡುಹಗಲೇ ಬರುತ್ತವೆ ಎಂಬುದು ಕಾಕಾನ ಗುಮಾನಿ.

ಅವನ ಹತ್ತಿರ ಇದ್ದದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ತುಂಬಿ, ಗಜವೆಂಬ ಕಬ್ಬಿಣದ ಕೋಲಿನಿಂದ ಜಡಿದು, ಹಿಂದುಗಡೆ ಅಂಗಿಯ ಗುಂಡಿಯಷ್ಟು ಚಿಕ್ಕ ತಾಮ್ರದ ಕೇಪು ಇಟ್ಟು ಹೊಡೆಯುವಂಥದ್ದು. ಬಿಸಿಲಿಗೆ ಅದು ಸಿಂಹ. ಮಳೆಯಲ್ಲಿ ಕೇಪು ತೇವ ಹಿಡಿದರೆ, ಬರೀ ‘ಟಿಕ್’ ಎಂದು ನಾಲಿಗೆ ಲೊಟಗುಟ್ಟಿ ಸುಮ್ಮನಾಗುವ ಮುದುಕಿ. ಕಳೆದ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಕಾಕಾ, ಹಸಿರು ಕನ್ನಡಕದ ಹಿಂದಿನಿಂದ ಅಪ್ಪಣೆ ಮಾಡಿದ:

“ಲೇ ತಮ್ಮಾ, ಇನ್ ಮ್ಯಾಲೆ ಪರವಾನಗಿ ನಿನ್ನ ಹೆಸರಿಗೆ ಮಾಡಸ್ಕೋ. ಹೊಸಾ ಕೋವಿ ತಗೋ. ಬಿಸಲಿರ್ಲಿ, ಮಳಿ ಇರ್ಲಿ, ಒತ್ತಿದ್ರ ಹಾರಬೇಕು, ಅಂಥಾದ್ದ ತಗೋ.”

‘ಮಳಿ’ ಎನ್ನುವಾಗ ಅವನ ಕನ್ನಡಕ ನನ್ನ ಕಡೆ ತಿರುಗಿತು. ಹಸಿರು ಗಾಜಿನ ಹಿಂದೆ ಏನಿತ್ತೋ ಕಾಣಲಿಲ್ಲ. ನನ್ನ ಎದೆ ‘ಟಿಕ್’ ಎಂದಿತು.

ಯಾಕೆಂದು ನಿಮಗೆ ಹೇಳಿಬಿಡುತ್ತೇನೆ. ಊರಲ್ಲಿ ಯಾರಿಗೂ ಹೇಳಿಲ್ಲ. ನಮ್ಮ ಕಡೆ ಹೊಲ ಕಾಯುವವರು ಮಾಳದ ಮೇಲೆ, ಎಂದರೆ ಕಂಬಗಳ ಮೇಲೆ ಕಟ್ಟಿದ ಅಟ್ಟಣಿಗೆಯ ಮೇಲೆ, ಕೂತಿರುತ್ತಾರೆ. ಅವರಿದ್ದಾಗ ಹೊಲಕ್ಕೆ ಯಾರೇ ಹೋಗಲಿ, ಬದುವಿನ ಮೇಲೆ ನಿಂತು ‘ಕೂ’ ಎಂದು ಕೂಗಿ, ಮಾಳದಿಂದ ಮರುಕೂಗು ಬಂದ ಮೇಲೆಯೇ ಒಳಗೆ ಕಾಲಿಡಬೇಕು. ಎರಡು ಮಳೆಗಾಲದ ಹಿಂದೆ, ಬೆಳಗಿನ ಜಿಟಿಜಿಟಿ ಮಳೆಯಲ್ಲಿ, ರಾತ್ರಿಯೆಲ್ಲ ಮಾಳದ ಮೇಲಿದ್ದ ಕಾಕಾನನ್ನು ಮನೆಗೆ ಕಳಿಸಿ ನಾನು ಕಾಯಲೆಂದು ಹೊರಟವನು ಆ ‘ಕೂ’ ಹಾಕಲಿಲ್ಲ. ಕಲಾವಿದನಿಗೆ ಸಭೆ ಕಂಡರೆ ತಡೆಯುವುದು ಕಷ್ಟ. ಜೋಳದ ನಡುವೆ ಕುಕ್ಕರಗಾಲಲ್ಲಿ ಕೂತು, ಗಂಟಲಿನ ತಳದಿಂದ ಹಂದಿಯ ಗುಟುರು ತೆಗೆದೆ. ಸುಳ್ಳೇಕೆ, ಅದು ನನ್ನ ಜೀವಮಾನದ ಅತ್ಯುತ್ತಮ ಗುಟುರು. ಅತ್ಯುತ್ತಮವಾದದ್ದೇ ಅಪಾಯವಾಯಿತು. ಮಾಳದ ಮೇಲಿಂದ ಸಪ್ಪಳ ಬಂತು: ಟಿಕ್.

ಆ ಒಂದು ಅಕ್ಷರದ ಶಬ್ದವನ್ನು ಅನುಕರಿಸಲು ನನಗೆ ಇಂದಿಗೂ ಧೈರ್ಯವಿಲ್ಲ. ಬಗ್ಗಿದವನು ಬಗ್ಗಿದ ಹಾಗೆಯೇ ಹೊಲದ ಆಚೆಗೆ ಓಡಿದೆ. ಅರ್ಧ ಗಂಟೆ ಬಿಟ್ಟು, ಮನುಷ್ಯನಾಗಿ, ಬದುವಿನ ಮೇಲೆ ನಿಂತು ‘ಕೂ’ ಹಾಕಿ ಹೋದಾಗ ಕಾಕಾ ಕೋವಿಯನ್ನು ಮೊಳಕಾಲಿನ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದ. “ಹಂದಿ ಬಂದಿತ್ತು. ಜೋಳ ಹಾಳ ಮಾಡತೈತಿ ಅಂತ ಸಿಟ್ಟಿಗೆ ಅದರ ಮ್ಯಾಲೇ ಗುರಿ ಹಿಡಿದ್ನಿ. ಕೇಪು ಹಸಿ ಆಗಿತ್ತು,” ಎಂದ. ಅಷ್ಟೇ. ಊರಿಗೆಲ್ಲ ಅದನ್ನೇ ಹೇಳಿದ, ನನ್ನ ಕಡೆ ನೋಡದೆ. ಅದಾದ ಮೇಲೂ ನಾನು ಮದುವೆಮನೆಗಳಲ್ಲಿ ಹಂದಿ ಕೂಗಿದ್ದೇನೆ, ಆದರೆ ಕಾಕಾ ಇಲ್ಲದ ಕಡೆ ಮಾತ್ರ. ಅವನಿಗೆ ಗೊತ್ತೋ ಗೊತ್ತಿಲ್ಲವೋ ಎಂಬ ಸಂಶಯವೊಂದು ನನ್ನೊಳಗೆ ಎರಡು ವರ್ಷದಿಂದ ಮಾಳ ಕಟ್ಟಿಕೊಂಡು ಕೂತಿತ್ತು. ಗೊತ್ತಿದ್ದರೆ ಯಾಕೆ ಸುಮ್ಮನಿದ್ದಾನೆ? ಗೊತ್ತಿಲ್ಲದಿದ್ದರೆ ‘ಮಳಿ’ ಎನ್ನುವಾಗ ಯಾಕೆ ತಿರುಗಿ ನೋಡಿದ? ಹಸಿ ಕೇಪಿನ ಕೃಪೆಯಿಂದ ಬದುಕಿರುವವನು ಎಂದೂ ಹಸಿಯಾಗದ ಕೋವಿಯನ್ನು ಹುಡುಕಿಕೊಂಡು ಹೊರಟದ್ದು ಹೀಗೆ.

ಮೊದಲು ಸಿದ್ದಾಪುರದ ಕಡೆಯ ದೊಡ್ಮನೆಯ ಗೆಳೆಯನ ಹತ್ತಿರ ಹೋದೆ. ಅವರ ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆಯ ಕೋವಿ ಇದೆ; ಅವನು ಅದಕ್ಕೆ ಎಣ್ಣೆ ಹಚ್ಚುವಷ್ಟು ತನ್ನ ತಲೆಗೆ ಹಚ್ಚಿದ್ದರೆ ಇಂದು ತಲೆಯ ಮೇಲೆ ಕೂದಲಿರುತ್ತಿತ್ತು. ನನ್ನ ಬೇಡಿಕೆ ಕೇಳಿ ಅವನು ಕಣ್ಣು ಕಿರಿದು ಮಾಡಿದ.

“ನಿಂಗೆ ಎಂತಕ್ಕಾ ಕೋವಿ? ನೀ ಒಂದ್ಸಲ ಹುಲಿ ಹಾಂಗೆ ಕೂಗಿರೆ ಹಂದಿ ಯಲ್ಲಾಪುರ ದಾಟ್ತು. ಬೇರೆ ಎಂತೋ ಇದ್ದು. ಹೇಳು, ಆನು ಯಾರಿಗೂ ಹೇಳ್ತಿಲ್ಲೆ.”

ಯಾರಿಗೂ ಹೇಳುವುದಿಲ್ಲ ಎಂದು ಅವನು ಹೇಳಿದ ಮಾತುಗಳನ್ನೆಲ್ಲ ನಾನು ಸಿರ್ಸಿಯ ಚಹಾದಂಗಡಿಯಲ್ಲಿ ಬೇರೆಯವರ ಬಾಯಿಂದ ಕೇಳಿದ್ದೇನೆ. ಆದ್ದರಿಂದ ಮರದ ಹಿಡಿ ವಾಸಿಯೋ ಪ್ಲಾಸ್ಟಿಕ್ ಹಿಡಿ ವಾಸಿಯೋ ಎಂದಷ್ಟೇ ಕೇಳಿದೆ. ಪ್ಲಾಸ್ಟಿಕ್ ಎಂದಕೂಡಲೇ ಅವನಿಗೆ ಮೈಲಿಗೆಯಾಯಿತು. “ಮಾರಾಯಾ, ಅದೆಂತ ಕೋವಿಯಾ, ಹೋಳಿ ಪಿಚಕಾರಿಯಾ?” ಎಂದ. ಮುಂದಿನ ಒಂದು ಗಂಟೆ ಮರದ ಕಾವ್ಯ ಕೇಳಿದೆ. ಹೊರಡುವಾಗ ಅವರ ಮನೆಯ ಮುಂಬಾಗಿಲು ಮಳೆಗೆ ಉಬ್ಬಿ, ಗೆಳೆಯ ಭುಜ ಕೊಟ್ಟು ದಬ್ಬಿದರೂ ತೆರೆಯದೆ, ನಾವಿಬ್ಬರೂ ಹಿತ್ತಿಲಿಂದ ಸುತ್ತಿಕೊಂಡು ಅಂಗಳಕ್ಕೆ ಬಂದೆವು. ಮರದ ಬಗ್ಗೆ ನನ್ನ ತೀರ್ಮಾನ ಅಲ್ಲೇ ಆಯಿತು.

ಹುಬ್ಬಳ್ಳಿಯ ಅಂಗಡಿಯವರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಮರದ ಹಿಡಿ ತೇವ ಕುಡಿದು ಉಬ್ಬಿ ನಳಿಗೆಯನ್ನು ಒಂದು ಬದಿಗೆ ಒತ್ತುತ್ತದಂತೆ. ಬೇಸಿಗೆಯಲ್ಲಿ ಕೂರಿಸಿದ ಗುರಿ ಆಷಾಢದಲ್ಲಿ ಮೊಳದಾಚೆ ಹೋಗುತ್ತದಂತೆ. ಅವರು ತೋರಿಸಿದ್ದು ತುಕ್ಕು ಹಿಡಿಯದ ಉಕ್ಕಿನ ನಳಿಗೆಯ, ಕಪ್ಪು ಪ್ಲಾಸ್ಟಿಕ್ ಹಿಡಿಯ, ಮೇಲೆ ಗುರಿ ನೋಡುವ ದುರ್ಬೀನು ಕೂರಿಸಿದ, ಬೋಲ್ಟ್ ಎಳೆದು ಹೊಡೆಯುವ ರೈಫಲ್ಲು. ಬೋಲ್ಟ್ ಎಂದರೆ ಹೆದರಬೇಡಿ, ಅದು ನಮ್ಮ ಬಾಗಿಲ ಚಿಲಕವೇ: ಎತ್ತು, ಹಿಂದೆಳೆ, ಮುಂದೆ ದಬ್ಬು, ಕೆಳಗೊತ್ತು. ಒಳಗೆ ಬಂದ ಗುಂಡಿಗೆ ಹೊರಗಿನ ಬಾಗಿಲು ಮಾತ್ರ ತೆರೆದಿರುತ್ತದೆ. “ಬೇಟೆಗೆ ಅಂತ ಮಾಡಿದ್ದು ಸಾರ್, ಎಲ್ಲಾ ಹವಾಕ್ಕೂ ಆಗುತ್ತೆ,” ಎಂದು ಅಂಗಡಿಯವರು ತಗ್ಗಿದ ಧ್ವನಿಯಲ್ಲಿ ಹೇಳಿದರು. “ಬೆಳೆ ರಕ್ಷಣೆಗೆ,” ಎಂದು ನಾನು ಏರಿದ ಧ್ವನಿಯಲ್ಲಿ ಹೇಳಿದೆ. ಅವರು ನನ್ನ ಪರವಾನಗಿಯನ್ನು ಬೆಳಕಿಗೆ ಹಿಡಿದರು. ನಾನು ಅವರ ಕೋವಿಯ ನಳಿಗೆಯನ್ನು ಬೆಳಕಿಗೆ ಹಿಡಿದೆ. ಪರಸ್ಪರ ಅವಿಶ್ವಾಸದಲ್ಲಿ ನಡೆದ ವ್ಯಾಪಾರ ಸುಸೂತ್ರವಾಗಿ ಮುಗಿಯಿತು.

ಕೊಂಡರಾಯಿತೇ? ಗುರಿ ಕೂರಿಸಬೇಕು. ಅದಕ್ಕೆ ಯಲ್ಲಾಪುರದ ನಂದೊಳ್ಳಿಯಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಸಂಶಯದಲ್ಲಿ ನಾನು ಪದವೀಧರನಾದರೆ ಅವರು ಕುಲಪತಿಗಳು. ನಾನು ಖಾಲಿ ಎಂದು ಕೊಟ್ಟ ಕೋವಿಯ ಚಿಲಕ ತೆರೆದು ಕಣ್ಣಿಂದ ನೋಡಿದರು, ಕಿರುಬೆರಳು ಹಾಕಿ ನೋಡಿದರು, ಮುಚ್ಚಿ ಮತ್ತೆ ತೆರೆದು ನೋಡಿದರು. ಆಮೇಲೆ ನನ್ನ ಬಸ್ ಟಿಕೆಟ್ ಕೇಳಿ ಪಡೆದು, ಅದನ್ನು ನಳಿಗೆಗೂ ಹಿಡಿಗೂ ನಡುವೆ ತೂರಿಸಿ ಹಿಂದಕ್ಕೂ ಮುಂದಕ್ಕೂ ಎಳೆದರು. ಚೀಟಿ ಎಲ್ಲೂ ತಡೆಯದೆ ಓಡಾಡಿದರೆ ನಳಿಗೆ ಯಾರ ಹಂಗಿಗೂ ಸಿಗದೆ ಸ್ವತಂತ್ರವಾಗಿದೆಯೆಂದು ಲೆಕ್ಕ. ಒಂದು ಕಡೆ ತಡೆಯಿತು. ಮರಳುಕಾಗದದಿಂದ ಹಿಡಿಯ ಒಳಬದಿಯನ್ನು ಉಜ್ಜಿದರು. ಟ್ರಿಗರನ್ನು ಮೆದು ಮಾಡಿಕೊಡಿ ಎಂದೆ. “ಸೀನಿದರೆ ಹಾರುವ ಕೋವಿ ಬೇಕೇನು?” ಎಂದು ಇನ್ನಷ್ಟು ಬಿಗಿ ಮಾಡಿದರು.

ಮಣ್ಣಿನ ದಿಬ್ಬಕ್ಕೆ ಕಾಗದ ಹಚ್ಚಿ ಹೊಡೆಯಲು ಕೂತರೆ ನನ್ನ ಈಡುಗಳೆಲ್ಲ ಎಡಕ್ಕೆ. ನಾನು ನಳಿಗೆಯನ್ನು ಬೈದೆ, ದುರ್ಬೀನನ್ನು ಬೈದೆ, ಅಂಗಡಿಯವರ ಧ್ವನಿ ತೆಗೆದು ಅವರನ್ನೂ ಬೈದೆ. ಸುಬೇದಾರರು ನಗಲಿಲ್ಲ. ಕೋವಿ ಇಸಿದುಕೊಂಡು, ಬೆನ್ನು ತಿರುಗಿಸಿ ತಾವೇ ತೋಟಾ ಹಾಕಿ ಕೊಟ್ಟರು. ಉಸಿರು ಬಿಗಿಹಿಡಿದು, ಸದ್ದಿಗೆ ಮೊದಲೇ ಹೆದರಿ, ಒತ್ತಿದೆ.

ಟಿಕ್.

ಅವರು ಹಾಕಿದ್ದು ಮದ್ದಿಲ್ಲದ ತೋಟಾ. ಸಿಡಿತಕ್ಕೆ ಹೆದರಿ ಹೊಡೆಯುವವನೇ ನಳಿಗೆಯನ್ನು ಎಡಕ್ಕೆ ಜಗ್ಗುತ್ತಾನೋ ಎಂದು ಪರೀಕ್ಷಿಸುವ ಸೈನ್ಯದ ಉಪಾಯವಂತೆ. ಉಪಾಯ ಫಲಿಸಿತು, ಆದರೆ ನಾನು ಕೋವಿಯನ್ನು ಮಣೆಯ ಮೇಲಿಟ್ಟು ಎರಡು ಕೈಯಲ್ಲಿ ತಲೆ ಹಿಡಿದುಕೊಂಡು ಕೂತದ್ದು ಅವರ ಪಾಠದಲ್ಲಿರಲಿಲ್ಲ. ಎರಡು ಮಳೆಗಾಲದ ಹಿಂದಿನ ಜೋಳದ ವಾಸನೆ ಮೂಗಿಗೆ ಬಂದಿತ್ತು.

“ಇದಕ್ಕೆ ಮೊದಲು ಎಲ್ಲಿ ಕೇಳಿದ್ದಿ ಇದನ್ನ?” ಎಂದು ಕೇಳಿದರು.

ಹೇಳಿದೆ. ಯಾರ ಧ್ವನಿಯನ್ನೂ ತೆಗೆಯದೆ, ಮೊದಲಿಂದ ಕೊನೆಯವರೆಗೆ. ಅವರು ಕಾಗದದ ತೂತುಗಳನ್ನು ನೋಡುತ್ತ ಕೇಳಿದರು. “ಕಾಕಾಗೆ ಹೇಳಿದ್ದೀಯಾ? ಇಲ್ಲ ತಾನೇ? ಹೇಳಿ ಬಾ. ದುರ್ಬೀನಿನ ತಿರುಪು ಎರಡು ಕ್ಲಿಕ್ ತಿರುಗಿಸೋದು ಉಳಿದಿದೆ, ಆಮೇಲೆ ನೋಡೋಣ,” ಎಂದು ಕೋವಿಯನ್ನು ಚೀಲಕ್ಕೆ ಹಾಕಿಕೊಟ್ಟರು.

ಮನೆಗೆ ಬಂದು ಹೊಸ ಕೋವಿಯನ್ನು ಕಾಕಾನ ಮುಂದೆ ಕಂಬಳಿಯ ಮೇಲೆ ಬಿಚ್ಚಿಟ್ಟೆ. ಈಗ ಹಸಿರು ಕನ್ನಡಕವಿರಲಿಲ್ಲ. ಪೊರೆ ಹೋದ ಕಣ್ಣುಗಳು ಚೊಕ್ಕಟವಾಗಿದ್ದವು. ಎತ್ತುವುದು, ಎಳೆಯುವುದು, ದಬ್ಬುವುದು ತೋರಿಸಿದೆ. ತೊಳೆಯುವಾಗ ಚಿಲಕವನ್ನು ಇಡಿಯಾಗಿ ಹೊರಗೆಳೆಯಬಹುದು, ಆಗ ಕೋವಿ ಬರೀ ಕೊಳವೆ ಎಂದೂ ತೋರಿಸಿದೆ. ಆಮೇಲೆ ಗಂಟಲು ಸರಿಮಾಡಿಕೊಂಡೆ. “ಕಾಕಾ, ಎರಡ ವರ್ಷದ ಹಿಂದ, ಜೋಳದಾಗ...”

“ಹಂದಿ ಹವಾಯಿ ಚಪ್ಪಲ್ ಹಾಕ್ಕೊಳ್ಳೂದಿಲ್ಲ ಅನ್ನೂದು ನನಗ ಗೊತ್ತೈತಿ,” ಎಂದ ಕಾಕಾ. “ಒಂದ ಅಲ್ಲೇ ಬಿದ್ದಿತ್ತು. ಮಣ್ಣಾಗ ಹೂತ್ನಿ.”

ಅವತ್ತು ನಾನು ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದದ್ದು, ಇನ್ನೊಂದನ್ನು ನಾಯಿ ಒಯ್ಯಿತೆಂದು ಸುಳ್ಳು ಹೇಳಿದ್ದು ಆಗ ನೆನಪಾಯಿತು. ಎರಡು ವರ್ಷ ನಾನು ಅವನನ್ನು ಶಂಕಿಸುತ್ತ ಕೂತಿದ್ದರೆ, ಅವನು ಸಾಕ್ಷ್ಯವನ್ನು ಹೂತಿಟ್ಟು ನನ್ನನ್ನು ಕಾಯುತ್ತ ಕೂತಿದ್ದ.

“ಗೊತ್ತಿದ್ರ ಯಾಕ ಬೈಲಿಲ್ಲ ಕಾಕಾ?”

“ಒತ್ತಿದಾವ ನಾ. ನನ್ನ ಯಾರು ಬಯ್ಯಬೇಕು?” ಎಂದ. “ಅವತ್ತಿಂದ ಆ ಕೇಪಿನ ಕೋವಿ ಮುಟ್ಟಿಲ್ಲ ನಾನು. ಕಣ್ಣಿನ ನೆವ ಹೇಳೀನಿ ಊರಿಗೆ.”

“ಮತ್ತ ಮಳ್ಯಾಗೂ ಹಾರೂದ ಬೇಕಂದಿ?”

“ಆ ಕೇಪಿನ್ದು ಹಾರೀತೋ ಇಲ್ಲೋ ಅಂತ ಇತ್ತು. ಹಿಂಗಾಗಿ ನಿನಗ ಆಟ, ನನಗೂ ಬೇಫಿಕರ. ಖರೇನ ಹಾರೂದಿದ್ರ ಇಬ್ರೂ ಹೆದರ್ತೀವಿ.”

ಪ್ರತಿಯೊಂದನ್ನೂ ಅನುಮಾನಿಸುವುದು ನನ್ನ ಚಾತುರ್ಯವೆಂದು ತಿಳಿದಿದ್ದೆ. ಆದರೆ ಅನುಮಾನಿಸಲೇಬೇಕಾಗಿದ್ದ ಒಂದನ್ನು, ನನ್ನ ತಮಾಷೆಯನ್ನು, ನಾನು ಒಮ್ಮೆಯೂ ಬೆಳಕಿಗೆ ಹಿಡಿದು ನೋಡಿರಲಿಲ್ಲ.

ಕಾಕಾ ಚಿಲಕವನ್ನು ಹೊರಗೆಳೆದು ಅಂಗಿಯ ಕಿಸೆಗೆ ಹಾಕಿಕೊಂಡ. ಎಂಟು ದಿನ ಅದು ಅಲ್ಲೇ ಇತ್ತು. ಊಟಕ್ಕೆ ಬಗ್ಗಿದಾಗ ಕಿಸೆ ಜೋಲುತ್ತಿತ್ತು. ನಾನು ಕೇಳಲಿಲ್ಲ. ಒಂಬತ್ತನೆಯ ಬೆಳಗ್ಗೆ, ಹೊಲಕ್ಕೆ ಹೊರಟು ಕಟ್ಟೆಯ ಮೇಲೆ ಕೂತವನು ನನ್ನನ್ನು ಕರೆದ.

“ಹಂದಿ ಹಂಗ ಒಮ್ಮೆ ಕೂಗು ನೋಡೂಣು.”

ಬಾಯಿ ತೆರೆದೆ. ನವಿಲಾಗಿದ್ದರೆ ಬರುತ್ತಿತ್ತು, ಕಂಡಕ್ಟರನೂ ಬರುತ್ತಿದ್ದ. ಗಂಟಲಿನ ತಳಕ್ಕೆ ಹೋಗಿ ಹುಡುಕಿದೆ. ಬರೀ ಗಾಳಿ ಬಂತು. ಮತ್ತೊಮ್ಮೆ ಯತ್ನಿಸಿದೆ. ಅದೂ ಗಾಳಿ. ಕಾಕಾ ತಲೆ ಓರೆ ಮಾಡಿ, ಏನಾದರೂ ಬಂದೀತೇ ಎಂದು ಕಿವಿಗೊಟ್ಟು, ಸಾಕಷ್ಟು ಹೊತ್ತು ಕಾದ.

ಆಮೇಲೆ ಕಿಸೆಗೆ ಕೈ ಹಾಕಿ ಚಿಲಕ ತೆಗೆದು ನನ್ನ ಅಂಗೈಯಲ್ಲಿಟ್ಟ. “ಈಗ ಹಿಡಿ,” ಎಂದ. ಅದು ಅವನ ಮೈಯ ಶಾಖಕ್ಕೆ ಬೆಚ್ಚಗಾಗಿತ್ತು.