ಮುಚ್ಚಳದ ನೀರು

ತಿಪ್ಪಣ್ಣ ನೀರನ್ನು ಮುಚ್ಚಳದಲ್ಲಿ ಕುಡಿಯುತ್ತಿದ್ದ. ಒಳಜೇಬಿನಿಂದ ಕ್ವಾರ್ಟರ್ ಬಾಟಲಿ ತೆಗೆದು, ಮುಚ್ಚಳಕ್ಕೆ ಬಗ್ಗಿಸಿಕೊಂಡು, ನಾಲಿಗೆಯ ಮೇಲೆ ಬಿಟ್ಟು ಕಣ್ಣು ಮುಚ್ಚುತ್ತಿದ್ದ. ನುಂಗಲು ಅವಸರವೇ ಇಲ್ಲ. ಬೆಳ್ಳಂಬೆಳಿಗ್ಗೆ ಬ್ರಾಂದಿ ಏರಿಸುತ್ತಿದ್ದಾನೆಂದು ಬಸ್ಸಿನವರು ಮೂಗು ಮುರಿಯುತ್ತಿದ್ದರು. ಹೊಸ ಕಂಡಕ್ಟರೊಬ್ಬ ಕೆಳಗಿಳಿಸಲು ಹೊರಟಾಗ ತಿಪ್ಪಣ್ಣ ಬಾಟಲಿಯನ್ನು ಅವನ ಮೂಗಿಗೇ ಹಿಡಿದ. "ಮೂಸಿ ನೋಡಪ್ಪ. ಬೋರಿನ ನೀರು. ನನಗೆ ಇದೇ ಬ್ರಾಂದಿ ಆಗೈತೆ."

ಅವನ ಕಿಡ್ನಿಗಳು ಕೈಕೊಟ್ಟಿದ್ದವು. ನನ್ನ ಯಜಮಾನರದೂ ಅದೇ ಪಾಡು. ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಡಯಾಲಿಸಿಸ್‌ಗೆಂದು ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅಲ್ಲಿಯೂ ಅಕ್ಕಪಕ್ಕದ ಮಂಚ. ಕುಡಿದ ನೀರು ಹೊರಹೋಗದೆ ಮೈಯಲ್ಲೇ ನಿಂತು, ಹೆಚ್ಚಾದರೆ ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ. ಅದಕ್ಕೇ ಡಾಕ್ಟರು ಇಬ್ಬರಿಗೂ ದಿನದ ನೀರಿಗೆ ಅಳತೆ ಹಾಕಿಕೊಟ್ಟಿದ್ದರು. ನಮ್ಮ ಮನೆಯವರು ಕದ್ದು ಕುಡಿದು ಬೈಸಿಕೊಳ್ಳುತ್ತಿದ್ದರು. ತಿಪ್ಪಣ್ಣ ಮಾತ್ರ ಅಳತೆ ದಾಟಿದವನಲ್ಲ.

ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟಾಗಿದ್ದ. ಕುರಿ ಕಾಯುವ ಮನೆತನ. ಗುಡ್ಡದ ಮೇಲೆ ಕುರಿ ಕರೆದ ಗಂಟಲಿನಲ್ಲೇ ಪ್ರಯಾಣಿಕರನ್ನೂ ಕರೆಯುತ್ತಿದ್ದ. "ಹೊಳಲ್ಕೆರೆ, ದುರ್ಗ, ದುರ್ಗ. ಬರ್ರಿ ಬರ್ರಿ, ಸೀಟ್ ಐತೆ, ಕುಂತ್ಕಳ್ರಿ." ಸೀಟು ಇರುತ್ತಿರಲಿಲ್ಲ. ನಿಂತೂ ನಿಂತೂ ಮೊಣಕಾಲು ಹಿಡಿದುಕೊಂಡಾಗಲೆಲ್ಲ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದ್ದ, ವರ್ಷಗಟ್ಟಲೆ. ಅವೇ ಕಿಡ್ನಿ ತಿಂದವು ಎಂದು ಡಾಕ್ಟರಿಂದ ತಿಳಿದ ಮೇಲೆ ಯಾರನ್ನೂ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಸೊಂಟ ಹಿಡಿದುಕೊಂಡು ಕೂತರೆ ಸಾಕು, ಶುರು. "ಮಾತ್ರೆ ನುಂಗ್ತೀಯೇನಮ್ಮ? ಡಾಕ್ಟರ್ನ ಕೇಳಿ ನುಂಗು. ಪೆಪ್ಪರ್‌ಮೆಂಟ್ ತಿಂದಂಗೆ ತಿಂದು ನಾನು ಮಷಿನ್‌ಗೆ ಬಿದ್ದೀನಿ ನೋಡು." ಎಷ್ಟೋ ಜನ ಎದ್ದು ಸೀಟು ಬದಲಿಸುತ್ತಿದ್ದರು.

ಆ ಬೇಸಿಗೆಯಲ್ಲಿ ಕಿಡ್ನಿ ಚಾಲೆಂಜ್ ಎಂಬ ದರಿದ್ರ ನಮ್ಮೂರಿಗೂ ವಕ್ಕರಿಸಿತು. ಲೀಟರ್ ಬಾಟಲಿಯನ್ನು ಬಾಯಿಂದ ಇಳಿಸದೆ ಖಾಲಿ ಮಾಡಬೇಕು, ಮೊಬೈಲಿನಲ್ಲಿ ಹಿಡಿಯಬೇಕು, ಮೂವರ ಹೆಸರು ಹೇಳಿ ಅವರಿಗೂ ಸವಾಲು ಹಾಕಬೇಕು. ಇದು ಜಾಗೃತಿಯಂತೆ. ಎದೆಯ ಮೇಲೆಲ್ಲ ನೀರು ಸುರಿದುಕೊಂಡು, ಕೆಮ್ಮಿ, ತೇಗಿ, ಹೆಬ್ಬೆರಳು ಎತ್ತುವ ಗಂಡಸರನ್ನು ನೋಡಿ ನೋಡಿ ನನಗೆ ವಾಕರಿಕೆ ಬರುತ್ತಿತ್ತು. ಕಿಡ್ನಿ ಯಾಕೆ ಹಾಳಾಗುತ್ತದೆಂದು ಒಬ್ಬನಾದರೂ ಬಾಯಿ ಬಿಡಲಿಲ್ಲ. ಬಿಡಲು ಅವನಿಗೆ ಗೊತ್ತಿದ್ದರೆ ತಾನೆ.

ಈ ಚಾಲೆಂಜಿಗೊಂದು ಸಮಾರಂಭ ಬೇರೆ. ಏರ್ಪಾಡು ಮಾಡಿದ್ದ ಯುವಕರ ಸಂಘದವರು ತಿಪ್ಪಣ್ಣನನ್ನು ಹುಡುಕಿಕೊಂಡು ಬಂದರು. ನಿಜವಾದ ರೋಗಿ ವೇದಿಕೆಯ ಮೇಲಿದ್ದರೆ ಕಳೆ ಬರುತ್ತದಂತೆ. ಹೋಗಬೇಡ ಎಂದು ನಾನು ಬೈದೆ. ಸಮಾರಂಭದ ಮಾರನೆಯ ದಿನವೇ ಡಯಾಲಿಸಿಸ್ ಇತ್ತು. ಆಗಲೇ ಅವನ ಕಾಲುಗಳು ಊದಿಕೊಂಡಿದ್ದವು.

"ಮೈಕ್ ಕೊಡ್ತಾರಂತೆ ತಾಯಿ," ಎಂದ. "ಬಸ್ಸಿನಾಗೆ ಒಬ್ಬೊಬ್ರಿಗೇ ಹೇಳಿ ಸಾಕಾಗೈತೆ. ಮಾತ್ರೆ ವಿಷ್ಯ ಒಂದೇ ಸಲ ಎಲ್ರಿಗೂ ಹೇಳಿಬಿಡ್ತೀನಿ."

ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಚೆನ್ನಾಗಿಯೇ ಮಾತಾಡಿದ. ಮಾತ್ರೆಯ ವಿಷಯ ಹೇಳಿದ, ಬಿಪಿ ನೋಡಿಸ್ಕಳ್ರಿ ಎಂದ. ಮಾತು ಮುಗಿಯುತ್ತಲೇ ಸಂಘದ ಅಧ್ಯಕ್ಷ ಫ್ರಿಜ್ಜಿನಿಂದ ತಂದ ಬಾಟಲಿಯನ್ನು ಅವನ ಕೈಗಿಟ್ಟ. ಹೊರಮೈಯಲ್ಲಿ ಹನಿಗಟ್ಟಿತ್ತು.

"ನಾನು ಕುಡಿಯಂಗಿಲ್ಲಪ್ಪ," ಎಂದ ತಿಪ್ಪಣ್ಣ.

"ಕುಡೀಬ್ಯಾಡ್ರಿ ಅಣ್ಣ. ಬಾಯಿಗಿಟ್ಕಂಡು ಪೋಸ್ ಕೊಡ್ರಿ ಸಾಕು."

ತಿಪ್ಪಣ್ಣ ಬಾಯಿಗಿಟ್ಟುಕೊಂಡ. ಆಮೇಲೆ ಇಳಿಸಲಿಲ್ಲ. ನಾನು ಕೆಳಗಿನಿಂದ ಬೇಡ ಬೇಡ ಎಂದು ಕೂಗಿದ್ದು ಸಿಳ್ಳೆಯಲ್ಲಿ ಮುಳುಗಿಹೋಯಿತು. ಅವನ ಕಣ್ಣು ಮುಚ್ಚಿತ್ತು, ಗಂಟಲು ಏರಿಳಿಯುತ್ತಿತ್ತು, ಅಂಗಿಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ನಾನು ಜನವನ್ನು ತಳ್ಳಿಕೊಂಡು ವೇದಿಕೆ ಹತ್ತಿ ಬಾಟಲಿ ಕಿತ್ತುಕೊಳ್ಳುವ ಹೊತ್ತಿಗೆ ಅದು ಖಾಲಿಯಾಗಿತ್ತು. ರೋಗಿಯೇ ಚಾಲೆಂಜ್ ಗೆದ್ದ ಎಂದು ಅಧ್ಯಕ್ಷ ಮೈಕಿನಲ್ಲಿ ಕೂಗುತ್ತಿದ್ದ.

ಬೆಳಗಾಗುವಷ್ಟರಲ್ಲಿ ತಿಪ್ಪಣ್ಣನಿಗೆ ಉಸಿರು ಕಟ್ಟಿತ್ತು, ಅವನ ಮಗಳು ಆಂಬುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ ಸಾಗಿಸಿದ್ದಳು. ನಾವು ಬಸ್ಸಿನಲ್ಲಿ ಹೋಗಿ ತಲುಪಿದಾಗ ಮಷಿನ್ ನೀರು ಎಳೆಯುತ್ತಿತ್ತು. ಆದರೆ ಹೃದಯ ಸೋತಿದೆ ಎಂದು ಡಾಕ್ಟರು ಮಗಳನ್ನು ಹೊರಗೆ ಕರೆದು ಹೇಳಿದ್ದರು. ಮಧ್ಯಾಹ್ನ ಅಧ್ಯಕ್ಷ ಹಣ್ಣಿನ ಬುಟ್ಟಿ ಹಿಡಿದು ಬಂದ. ಹಿಂದೆ ಮೊಬೈಲ್ ಹಿಡಿದವನೊಬ್ಬ. "ನಿಮ್ ವಿಡಿಯೋ ವೈರಲ್ ಆಗೈತೆ ಅಣ್ಣ. ಹಿರಿಯೂರಿಂದೆಲ್ಲ ಫೋನ್ ಬರ್ತಾ ಅವೆ," ಎಂದು ಅಧ್ಯಕ್ಷ ತೋರಿಸಿದ.

ತಿಪ್ಪಣ್ಣ ಆಕ್ಸಿಜನ್ ಮಾಸ್ಕ್ ಪಕ್ಕಕ್ಕೆ ಸರಿಸಿ ನೋಡಿದ. ಒಂದು ಹಾಡು, ಸಿಳ್ಳೆ, ಬಾಟಲಿ, ಅವನ ಗಂಟಲು. ಮುಗಿಯಿತು.

"ಮಾತ್ರೆ ವಿಷ್ಯ ಎಲ್ಲೈತಪ್ಪ?"

"ಅದು ಉದ್ದ ಆಗಿತ್ತಣ್ಣ, ಜನ ನೋಡಲ್ಲ ಅಂತ ಕಟ್ ಮಾಡಿದ್ವಿ."

ಅಧ್ಯಕ್ಷನನ್ನು ವಾರ್ಡಿನಿಂದ ಆಚೆ ಅಟ್ಟುವಾಗ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಒಂದಕ್ಕೂ ನನಗೆ ನಾಚಿಕೆಯಿಲ್ಲ.

ವಾಪಸ್ ಬಂದು ಮಾಸ್ಕ್ ಸರಿಪಡಿಸಲು ಬಗ್ಗಿದೆ. ತಿಪ್ಪಣ್ಣ ನನ್ನ ಕೈ ತಡೆದ. "ತಡ್ಕಳಾಕಾಗ್ಲಿಲ್ಲ ತಾಯಿ. ಬಾಳ ತಣ್ಣಗಿತ್ತು." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಮತ್ತೆ ಹೇಳಿದ, "ಹಂಗಾರೆ ನಾನು ನೀರು ಕುಡ್ದಿದ್ದಷ್ಟೇ ಉಳೀತು."

ಮಾರನೆಯ ದಿನ ತೀರಿಕೊಂಡ. ಸಂಘದವರು ಶ್ರದ್ಧಾಂಜಲಿಗೂ ಅದೇ ವಿಡಿಯೋ ಹಾಕಿದರು, ಅದೇ ಸಿಳ್ಳೆ ಸಮೇತ.